ಯೂಟೂ ಬಳಗದ 'ದಿ ಜೋಶುವಾ ಟ್ರೀ': ಮೈಕ್ ಸೆಟ್ಟಿನವನ ಕಿವಿಗೆ ಕೇಳಿದ ಹಾಗೆ

ಹಾಡಿನ ತಟ್ಟೆ, ಅಂದರೆ ಗ್ರಾಮಫೋನ್ ರೆಕಾರ್ಡು, ಕೈಗೆ ಬಂದದ್ದು ಜೋರು ಮಳೆಯ ದಿನ. ಡಬ್ಬದ ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ಬಿಚ್ಚಿ ನೋಡಿದರೆ ಎರಡು ತಟ್ಟೆಗಳಲ್ಲಿ ಒಂದು ಕಾದೆಣ್ಣೆಗೆ ಬಿದ್ದ ಹಪ್ಪಳದ ಹಾಗೆ ಒಂದು ಬದಿಗೆ ಎದ್ದು ನಿಂತಿದೆ. ಪ್ಲೇಯರಿನ ಮೇಲಿಟ್ಟೆ, ಸೂಜಿ ಅಳಿವೆ ದಾಟುವ ದೋಣಿಯಂತೆ ಏರುತ್ತ ಇಳಿಯುತ್ತ ಹೋಯಿತು. ಕಳುಹಿಸಿದವರಿಗೆ ಫೋಟೊ ಸಮೇತ ಬರೆದೆ, ಮೂರು ಸಲ ಬರೆದೆ, ಉತ್ತರವೇ ಇಲ್ಲ. ನಾಲ್ಕು ಸಾವಿರದ ಹತ್ತಿರ ದುಡ್ಡು ಕೊಟ್ಟ ಸಾಮಾನು. ಬಿಸಿಲಿಗಿಟ್ಟರೆ ಸರಿಯಾಗುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ತಟ್ಟೆಯೇ ಹೋಗಿಬಿಡುತ್ತದೆ. ನಾನು ಹಳೆಯ ಕಿಟಕಿಯ ಎರಡು ದಪ್ಪ ಗಾಜುಗಳ ನಡುವೆ ಅದನ್ನು ಮಲಗಿಸಿ, ಮೇಲೆ ಸುಟ್ಟುಹೋದ ಆಂಪ್ಲಿಫಯರಿನ ಟ್ರಾನ್ಸ್‌ಫಾರ್ಮರ್ ಹೇರಿ, ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಈಗ ಅಂಚಿನಲ್ಲಿ ಕೂದಲೆಳೆಯಷ್ಟು ಅಲೆ ಉಳಿದಿದೆ. ಸೂಜಿ ಅದನ್ನು ದಾಟಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಪಾಡು ಪಟ್ಟದ್ದು ಯೂಟೂ (U2) ಎಂಬ ರಾಕ್ ಬಳಗದ 'ದಿ ಜೋಶುವಾ ಟ್ರೀ'ಗಾಗಿ. ಐರ್ಲೆಂಡಿನ ಡಬ್ಲಿನ್ ಊರಿನ ನಾಲ್ವರು 1987ರ ಮಾರ್ಚ್ 9ರಂದು ಹೊರತಂದ ಹನ್ನೊಂದು ಹಾಡುಗಳು. ನನ್ನಲ್ಲಿರುವುದು 30 ವರ್ಷದ ನೆನಪಿಗೆ 2017ರಲ್ಲಿ ಬಂದ ಎರಡು ತಟ್ಟೆಗಳ ಆವೃತ್ತಿ. ಇದನ್ನು ಕೊಳ್ಳಬೇಕೆ, ಬೇಡವೆ ಎಂದು ಹೇಳುವ ಮೊದಲು ಹೇಳುತ್ತಿರುವವನು ಯಾರು ಎಂದು ಗೊತ್ತಾಗಬೇಕಲ್ಲ.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬೇಳ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ಸೀತಾಂಗೋಳಿ ದಾಟಿದ ಮೇಲೆ, ನೀರ್ಚಾಲಿಗಿಂತ ಮೊದಲು ಸಿಗುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಿಗೆ ಹೋದರೆ ಮಲಯಾಳ. ಕೆಲಸ ಮೈಕ್ ಸೆಟ್. ಮೂವತ್ತು ವರ್ಷಕ್ಕೂ ಮೇಲಾಯಿತು. ಯಕ್ಷಗಾನ, ಇಗರ್ಜಿಯ (ಚರ್ಚಿನ) ಹಬ್ಬ, ಭಜನಾ ಮಂಗಲ, ಉರೂಸ್, ಕೋಲ, ಪಕ್ಷದ ಸಭೆ, ಮದುವೆ: ಯಾರ ಬಾಯಿಗೆ ಮೈಕ್ ಹಿಡಿಯಬೇಕೋ ಅವರ ಬಾಯಿಗೆ ಹಿಡಿದು, ಹಿಂದೆ ಕೂತು ಕೇಳುವುದು. ಹಾಡಿನ ಬಗ್ಗೆ ಏನಾದರೂ ಗೊತ್ತಿದ್ದರೆ ಅದೆಲ್ಲ ಹಿಂದೆ ಕೂತು ಕೇಳಿ ಬಂದದ್ದು.

1989ರಲ್ಲಿ ದೊಡ್ಡಪ್ಪನ ಮಗ ದುಬೈಯಿಂದ ರಜೆಗೆ ಬಂದಾಗ ಒಂದು ಟೂ-ಇನ್-ವನ್ ತಂದಿದ್ದ, ಅದರ ಜೊತೆಗೆ ಒಂದು ಚೀಲ ಕ್ಯಾಸೆಟ್. ಅದರಲ್ಲಿ ಕಪ್ಪು-ಬಿಳುಪಿನಲ್ಲಿ ಮರುಭೂಮಿಯೂ, ಯಾವ ಕಡೆಗೂ ನಗದ ನಾಲ್ಕು ಮುಖಗಳೂ ಇದ್ದ ಒಂದು. ಆ ಫೋಟೊ ತೆಗೆದವರು ಆಂಟನ್ ಕೋರ್ಬೈನ್ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಾನಾಗ ನೀರ್ಚಾಲಿನ ಒಬ್ಬ ಮೈಕ್ ಸೆಟ್ ಯಜಮಾನರ ಹತ್ತಿರ ವಯರು ಸುತ್ತುವ ಹುಡುಗ. ಇಂಗ್ಲಿಷ್ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಎಕೋ ಎಂದರೆ ಏನೆಂದು ಗೊತ್ತಿತ್ತು. ಯಜಮಾನರಲ್ಲಿ ಟೇಪಿನ ಸುರುಳಿ ತಿರುಗುವ ಒಂದು ಎಕೋ ಪೆಟ್ಟಿಗೆ ಇತ್ತು. ಭಜನೆಯವರು ಕೈಬೀಸಿ 'ಎಕೋ, ಎಕೋ' ಎಂದು ಕೇಳುತ್ತಿದ್ದರು, ನಾನು ಗುಂಡಿ ತಿರುಗಿಸುತ್ತಿದ್ದೆ, 'ವಿಠಲ' ಎಂದರೆ 'ಠಲ... ಠಲ... ಲ...' ಎಂದು ಗುಡ್ಡದಾಚೆ ಹೋಗುತ್ತಿತ್ತು. ನಮ್ಮಲ್ಲಿ ಎಕೋ ಎಂದರೆ ಮೇಲೆ ಸುರಿಯುವ ತುಪ್ಪ.

ಈ ಕ್ಯಾಸೆಟ್ಟಿನ ಮೊದಲ ಹಾಡು 'ವೇರ್ ದಿ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್' ಶುರುವಾದಾಗ ನನಗೆ ಗೊತ್ತಾದದ್ದು, ಇಲ್ಲಿ ಎಕೋವನ್ನೇ ವಾದ್ಯವಾಗಿ ನುಡಿಸುತ್ತಿದ್ದಾರೆ ಎಂದು. ಗಿಟಾರಿನ ಡೇವಿಡ್ ಇವಾನ್ಸ್, ಎಲ್ಲರೂ ಕರೆಯುವುದು ದಿ ಎಡ್ಜ್ ಎಂದು, ಒಂದು ಸ್ವರ ಮೀಟುತ್ತಾರೆ. ಅದು ಮುಕ್ಕಾಲು ಮಾತ್ರೆ ತಡವಾಗಿ ಹಿಂದಿರುಗಿ ಬರುತ್ತದೆ. ಹಾಗೆ ಬರುವಷ್ಟರಲ್ಲಿ ಇನ್ನೊಂದು ಸ್ವರ ಹೊರಟಾಗಿದೆ. ಮೀಟಿದ್ದು, ಮರಳಿದ್ದು, ಎರಡೂ ಹೆಣೆದುಕೊಂಡು ಒಬ್ಬ ಮನುಷ್ಯನ ಎರಡು ಕೈ ನಾಲ್ಕಾಗುತ್ತದೆ. ಡ್ರಮ್ಮಿನವನು ಕೂದಲೆಳೆ ತಪ್ಪಿದರೂ ಇಡೀ ಕಟ್ಟಡ ಕುಸಿಯಬೇಕು, ಯಾಕೆಂದರೆ ಮರಳಿ ಬರುವ ಸದ್ದು ಯಾರನ್ನೂ ಕಾಯುವುದಿಲ್ಲ. ಲ್ಯಾರಿ ಮಲೆನ್ ತಪ್ಪುವುದಿಲ್ಲ. ಹಾಡುಗಾರ ಬೋನೋ ಬಾಯಿ ತೆರೆಯುವುದಕ್ಕೆ ಒಂದೂ ಮುಕ್ಕಾಲು ನಿಮಿಷ ಬೇಕು. ಅಷ್ಟರೊಳಗೆ ಮೂರರ ಎಣಿಕೆಯಲ್ಲಿ ಹೊರಟ ಹಾಡು ಯಾರಿಗೂ ತಿಳಿಯದ ಹಾಗೆ ನಾಲ್ಕಕ್ಕೆ ಜಾರಿರುತ್ತದೆ. ನಮ್ಮ ಕಡೆಯ ಒಬ್ಬ ಚೆಂಡೆಯವರಿಗೆ ಕೇಳಿಸಿದ್ದೆ. ಎರಡನೆಯ ಸಲಕ್ಕೇ ತೊಡೆಯ ಮೇಲೆ ಬೆರಳು ಬಡಿದು, 'ಇಗಾ, ಇಲ್ಲಿ ಬಿಟ್ಟ, ಇಲ್ಲಿ ಹಿಡಿದ' ಎಂದು ತೋರಿಸಿದರು.

ಇದನ್ನು ಸರಿಮಾಡುವಷ್ಟರಲ್ಲಿ ಅವರಿಗೂ ಸಾಕುಸಾಕಾಗಿತ್ತಂತೆ. ನಿರ್ಮಾಪಕರು ಇಬ್ಬರು, ಬ್ರಯನ್ ಈನೋ ಮತ್ತು ಡೇನಿಯಲ್ ಲನ್ವಾ. ಈ ಒಂದೇ ಹಾಡು ವಾರಗಟ್ಟಲೆ ತಿಂದಿತೆಂದು ಬೇಸತ್ತ ಈನೋ ಆ ಟೇಪನ್ನೇ ಅಳಿಸಿಬಿಡಲು ಹೊರಟು, ಸಹಾಯಕ ಎಂಜಿನಿಯರ್ ತಡೆದ ಕತೆ ಪ್ರಸಿದ್ಧ. ಆ ಹುಡುಗನಿಗೆ ನನ್ನ ಕೃತಜ್ಞತೆ ಇದೆ.

ಈಗ ನಂಬಿಕೆಯ ಮಾತು. ನನಗೆ ಇದು ಹಾಡಿಗಿಂತ ಬೇರೆಯ ವಿಷಯವಲ್ಲ.

ನಮ್ಮ ಬೇಳದ ಇಗರ್ಜಿ 1890ರದ್ದು, ಗಾಥಿಕ್ ಕಟ್ಟಡ, ಶೋಕಮಾತೆಗೆ ಅರ್ಪಿಸಿದ್ದು. ಸಾಯ್ಬಿಣ್ ಮಾಯಿಯ, ಅಂದರೆ ಮೇರಿ ಮಾತೆಯ, ಹೆಸರುಗಳಲ್ಲಿ ಎಷ್ಟೋ ಚಂದದವು ಇವೆ, ಆರೋಗ್ಯಮಾತೆ, ವಿಜಯಮಾತೆ ಎಂದೆಲ್ಲ. ನಮ್ಮ ಪಾಲಿಗೆ ಬಂದದ್ದು ಮಗನನ್ನು ಕಳೆದುಕೊಂಡು ನಿಂತ ತಾಯಿ. ಚಿಕ್ಕಂದಿನಿಂದ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತ ನೋಡಿದ್ದು ಆ ಮುಖವನ್ನೇ. ಹಾಗಾಗಿ ಪ್ರಾರ್ಥನೆ ಎಂದರೆ ಸಂತೋಷದ ಸಂಗತಿ ಎಂದು ನನಗೆ ಎಂದೂ ಅನಿಸಿಲ್ಲ.

ಬೋನೋನ ನಿಜ ಹೆಸರು ಪಾಲ್ ಹ್ಯೂಸನ್. ತಂದೆ ಕ್ಯಾಥೊಲಿಕ್, ತಾಯಿ ಪ್ರಾಟೆಸ್ಟಂಟ್. ಐರ್ಲೆಂಡಿನಲ್ಲಿ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಎರಡು ಪಂಗಡಗಳ ನಡುವೆ ಉತ್ತರದಲ್ಲಿ ಬಾಂಬು, ಗುಂಡು. 1974ರಲ್ಲಿ, ಹುಡುಗನಿಗೆ 14 ವರ್ಷ, ತನ್ನ ತಂದೆಯ ಮಣ್ಣಿಗೆ ಹೋಗಿದ್ದ ತಾಯಿ ಅಲ್ಲೇ ಕುಸಿದುಬಿದ್ದರು, ಕೆಲವೇ ದಿನಗಳಲ್ಲಿ ತೀರಿಹೋದರು. ಎರಡು ವರ್ಷದ ಮೇಲೆ, 1976ರಲ್ಲಿ, ಮೌಂಟ್ ಟೆಂಪಲ್ ಶಾಲೆಯ ಬೋರ್ಡಿನ ಮೇಲೆ ಲ್ಯಾರಿ ಹಚ್ಚಿದ ಒಂದು ಚೀಟಿ ನೋಡಿ ನಾಲ್ವರೂ ಸೇರಿದರು. ಅಲ್ಲಿಂದ ಇಲ್ಲಿಯವರೆಗೆ ಅದೇ ನಾಲ್ವರು. ನಮ್ಮಲ್ಲಿ ಒಂದು ಯಕ್ಷಗಾನ ತಂಡ ಮೂರು ವರ್ಷ ಒಡೆಯದೆ ಉಳಿದರೆ ಸನ್ಮಾನ ಮಾಡುತ್ತೇವೆ.

ಮೊದಮೊದಲು ಬೋನೋ, ಎಡ್ಜ್, ಲ್ಯಾರಿ ಮೂವರೂ 'ಶಲೋಮ್' ಎಂಬ ಪ್ರಾರ್ಥನಾ ಕೂಟದಲ್ಲಿದ್ದರು. ರಾಕ್ ಸಂಗೀತವೂ ದೇವರೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನು ಬಿಡಿ ಎಂಬ ಒತ್ತಡ ಅಲ್ಲಿ ಬಂತು. 1981ರಲ್ಲಿ 'ಅಕ್ಟೋಬರ್' ಸಂಕಲನದ ಹೊತ್ತಿಗೆ ಎಡ್ಜ್ ಬ್ಯಾಂಡನ್ನೇ ಬಿಡುವುದರಲ್ಲಿದ್ದರು. ಕೊನೆಗೆ ಬಿಟ್ಟದ್ದು ಕೂಟವನ್ನು, ದೇವರನ್ನಲ್ಲ. ಈ ಸಂಗತಿ ನನ್ನ ಬದುಕಿಗೆ ತೀರ ಹತ್ತಿರದ್ದು. ನಾನು ಭೂತಕೋಲಕ್ಕೆ ಮೈಕ್ ಕಟ್ಟಿದ್ದಕ್ಕೆ, ಭಜನೆಯಲ್ಲಿ ತಾಳ ಹಾಕಿದ್ದಕ್ಕೆ ಒಬ್ಬ ಹಿರಿಯರು ನನ್ನನ್ನು ಕರೆದು ಕೂರಿಸಿ ಕೇಳಿದ್ದರು, ನೀನು ಯಾವ ಕಡೆಯವನು ಎಂದು. ನನಗೆ ಆಗ ಉತ್ತರ ಬರಲಿಲ್ಲ. ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ಎರಡನೆಯ ಹಾಡು 'ಐ ಸ್ಟಿಲ್ ಹ್ಯಾವೆಂಟ್ ಫೌಂಡ್ ವಾಟ್ ಐಯಾಮ್ ಲುಕಿಂಗ್ ಫಾರ್'. ಅಮೆರಿಕದ ಕರಿಯರ ಇಗರ್ಜಿಗಳ ಗಾಸ್ಪೆಲ್ ರಾಗದ ಧಾಟಿ. ಹಾಡುಗಾರ ನಂಬಿದ್ದನ್ನೆಲ್ಲ ಹೇಳುತ್ತಾನೆ, ಶಿಲುಬೆ ಹೊತ್ತವನ ಮೇಲೆ ವಿಶ್ವಾಸವಿದೆ ಎನ್ನುತ್ತಾನೆ, ಮರುಗಳಿಗೆಯಲ್ಲಿ ಹುಡುಕುತ್ತಿದ್ದದ್ದು ಇನ್ನೂ ಸಿಕ್ಕಿಲ್ಲ ಎಂದೂ ಹೇಳುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಇದನ್ನು ಕೇಳಿ ಇವರು ನಂಬಿಕೆ ಬಿಟ್ಟರು ಎಂದುಕೊಂಡ ಭಕ್ತರಿದ್ದಾರೆ. ಕನ್ನಡದವರಿಗೆ ಆ ಗೊಂದಲ ಬರಬಾರದು. ನಮ್ಮ ದಾಸರು ದೇವರನ್ನು ಕರೆದು ನಿಲ್ಲಿಸಿ ಜಗಳ ಆಡಿಲ್ಲವೆ? ನಿಂದಾಸ್ತುತಿ ಎಂದು ಅದಕ್ಕೊಂದು ಹೆಸರೇ ಇಟ್ಟಿದ್ದೇವೆ. ಯೂಟೂನ ಅರ್ಧದಷ್ಟು ಹಾಡುಗಳನ್ನು ಆ ಒಂದು ಮಾತಿನಿಂದ ಬಿಡಿಸಬಹುದು.

ಈ ತಟ್ಟೆಯಲ್ಲಿ ಇಲ್ಲದಿದ್ದರೂ ಒಂದು ಹಾಡು ಹೇಳಲೇಬೇಕು, 1983ರ 'ವಾರ್' ಸಂಕಲನದ '40'. ಬೈಬಲ್ಲಿನ 40ನೆಯ ಕೀರ್ತನೆಯನ್ನೇ ಎತ್ತಿ ರಾಗ ಹಾಕಿದ್ದು. ಸ್ಟುಡಿಯೊ ಬಿಟ್ಟುಕೊಡುವ ಹೊತ್ತು ಬಂದಿತ್ತು, ಬೇಸ್ ಗಿಟಾರಿನ ಆಡಮ್ ಕ್ಲೇಟನ್ ಮನೆಗೆ ಹೋಗಿಯಾಗಿತ್ತು, ಅದಕ್ಕೆ ಎಡ್ಜ್ ತಾನೇ ಬೇಸ್ ನುಡಿಸಿದರು. ಎಷ್ಟೋ ವರ್ಷ ಇವರ ಸಂಗೀತ ಕಛೇರಿಗಳು ಮುಗಿಯುತ್ತಿದ್ದದ್ದು ಇದರಿಂದಲೇ. ಹಾಡುಗಾರ ಹೋಗುತ್ತಾನೆ, ಗಿಟಾರಿನವರು ಒಬ್ಬೊಬ್ಬರಾಗಿ ಹೋಗುತ್ತಾರೆ, ಕೊನೆಗೆ ಡ್ರಮ್ಮಿನವನೂ ಕೋಲು ಇಟ್ಟು ಹೋಗುತ್ತಾನೆ. ಜನ ಮಾತ್ರ ಎಷ್ಟು ಕಾಲ ಈ ಹಾಡು ಹಾಡಬೇಕು ಎಂಬ ಆ ಒಂದು ಸಾಲು ಹಿಡಿದುಕೊಂಡು ಹಾಡುತ್ತಲೇ ಇರುತ್ತಾರೆ. ಮಂಗಳಾರತಿ ಮುಗಿದು ಭಟ್ಟರು ಬಾಗಿಲು ಹಾಕಿದ ಮೇಲೂ ಅಂಗಳದಲ್ಲಿ ಭಜನೆ ನಿಲ್ಲದೆ ಇದ್ದರೆ ಹೇಗಿರುತ್ತದೋ, ಹಾಗೆ.

ಹೋರಾಟದ ಕತೆ ಶುರುವಾಗುವುದೂ ಇಲ್ಲೇ. 1985ರ ಜುಲೈ 13ರ ಲೈವ್ ಏಡ್, ಇಥಿಯೋಪಿಯದ ಬರಕ್ಕೆ ದುಡ್ಡು ಸೇರಿಸಿದ ಆ ದೊಡ್ಡ ಕಛೇರಿ, ಅಲ್ಲಿ ಯೂಟೂ ಹಾಡಿದ್ದು ಎಲ್ಲರಿಗೂ ಗೊತ್ತು. ಅದಾದ ಮೇಲೆ ಬೋನೋ ಮತ್ತು ಹೆಂಡತಿ ಆಲಿ ಸದ್ದಿಲ್ಲದೆ ಇಥಿಯೋಪಿಯಕ್ಕೆ ಹೋಗಿ ಒಂದು ತಿಂಗಳಷ್ಟು ಕಾಲ ಶಿಬಿರದಲ್ಲಿ ಕೆಲಸ ಮಾಡಿದರು. ಮಕ್ಕಳಿಗೆ ಶುಚಿಯಾಗಿರುವುದನ್ನು ಕಲಿಸಲು ಅಲ್ಲಿ ಒಂದು ಪುಟ್ಟ ರಾಗ ಕಟ್ಟಿದ್ದರು. ಮರುವರ್ಷ ಇಬ್ಬರೂ ನಿಕರಾಗುವ, ಎಲ್ ಸಾಲ್ವಡಾರ್ ಕಡೆ ಹೋದರು. ಅಲ್ಲಿನ ಯುದ್ಧದ ಸಿಟ್ಟು 'ಬುಲೆಟ್ ದಿ ಬ್ಲೂ ಸ್ಕೈ' ಆಯಿತು. ಎಲ್ ಸಾಲ್ವಡಾರನ್ನು ನಿನ್ನ ಆಂಪ್ಲಿಫಯರಿನ ಮೂಲಕ ಹಾಯಿಸು ಎಂದು ಬೋನೋ ಎಡ್ಜ್‌ಗೆ ಹೇಳಿದರಂತೆ. ನಾನು ಆಂಪ್ಲಿಫಯರಿನವನು, ಆ ಗಿಟಾರು ಕೇಳಿದರೆ ಅದು ಹಾದುಹೋಗಿದೆ ಎಂದು ಹೇಳಬಲ್ಲೆ. ವಿಮಾನ ತಲೆಯ ಮೇಲೆ ಬಂದು ಹೋದ ಹಾಗಿದೆ ಆ ಸದ್ದು.

ತಲೆಯ ಮೇಲೆ ಬಂದು ಹೋಗುವ ಸದ್ದು ನಮಗೂ ಗೊತ್ತು. ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರ. ಸ್ವರ್ಗ ಎನ್ನುವುದು ಊರಿನ ಹೆಸರು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಚಿಕ್ಕವರಾಗಿದ್ದಾಗ ಹೆಲಿಕಾಪ್ಟರ್ ಬಂತೆಂದು ಅಂಗಳಕ್ಕೆ ಓಡಿ ಕೈ ಬೀಸಿದ್ದೇವೆ. ಆ ಕಡೆಯವರೇ ಆದ ಪತ್ರಕರ್ತ ಶ್ರೀಪಡ್ರೆ, ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಮೊದಮೊದಲು ಬರೆದು ಹೇಳಿದರು, ಬೆಚ್ಚಿಬೀಳುವ ಹಾಗೆ ಹೇಳಿದರು. ದೇಶದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ 13ಕ್ಕೆ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಆಮೇಲೂ ತಾಯಂದಿರು 2019ರ ಜನವರಿ ಕೊನೆಗೆ ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟ್ ಎದುರು ಮಕ್ಕಳ ಜೊತೆ ಧರಣಿ ಕೂರಬೇಕಾಯಿತು.

ಆ ಕಾಲದಲ್ಲಿ ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರದ ಒಪ್ಪುಮರದ ಬುಡದಲ್ಲಿ ಒಂದು ಸಂಜೆ ಸಭೆಯಿತ್ತು. ಒಪ್ಪು ಎಂದರೆ ಮಲಯಾಳದಲ್ಲಿ ಸಹಿ, ಎಂಡೋಸಲ್ಫಾನ್ ವಿರುದ್ಧ ಜನ ಸಹಿ ಹಾಕಿದ ಮರವೆಂದು ಆ ಹೆಸರು. ಮೈಕ್ ನನ್ನದು. ದುಡ್ಡು ತೆಗೆದುಕೊಳ್ಳಲಿಲ್ಲ, ಅದನ್ನು ಇಲ್ಲಿ ಬರೆಯುವುದು ಸರಿಯೋ ಅಲ್ಲವೋ, ಬರೆದಾಯಿತು. ಎರಡು ಕಾಲಂ ಬಾಕ್ಸು, ಒಂದು ಹಾರ್ನು. ಭಾಷಣಗಳೆಲ್ಲ ಮುಗಿದು ಕೊನೆಗೆ ಒಬ್ಬ ತಾಯಿ ಒಂದು ನೋಟ್‌ಬುಕ್ ಹಿಡಿದು ಬಂದು ತೀರಿಹೋದ ಮಕ್ಕಳ ಹೆಸರು ಓದಲು ಶುರುಮಾಡಿದರು. ಹೆಸರು, ಊರು. ಹೆಸರು, ಊರು. ಮಿಕ್ಸರಿನಲ್ಲಿ ಎಕೋ ಸ್ವಲ್ಪ ಏರಿಸಿಯೇ ಇತ್ತು, ಹಿಂದಿನ ಭಾಷಣಗಾರರು ಕೇಳಿದ್ದರು. ಮೊದಲ ಹೆಸರು ಬಸ್ಸುಗಳ ಮೇಲಿಂದ ಹಾದು ಎದುರಿನ ಕಟ್ಟಡಕ್ಕೆ ಬಡಿದು ತಿರುಗಿ ಬಂದಾಗ ನನ್ನ ಕೈ ತಾನಾಗಿ ಆ ಗುಂಡಿಗೆ ಹೋಯಿತು. ಪೂರ್ತಿ ಇಳಿಸಿದೆ. ಆ ಹೆಸರುಗಳಿಗೆ ನಾನು ಏನನ್ನೂ ಸೇರಿಸಬಾರದು ಎಂದು ತೋರಿತು. ಒಣ ಸ್ವರ, ಎದುರಿಗೆ ಡ್ರೈವರುಗಳ ಕೂಗು, ನಡುವೆ ಉಸಿರು. ಎರಡು ಪುಟ ಓದಿದರು. ಮೂರನೆಯದನ್ನು ಮಗುಚಿ, ಓದಲಾಗದೆ, ನೋಟ್‌ಬುಕ್ ಪಕ್ಕದವರ ಕೈಗೆ ಕೊಟ್ಟರು.

ಆ ರಾತ್ರಿ ಮನೆಗೆ ಬಂದು ವ್ಯಾನು ಖಾಲಿ ಮಾಡದೆ ಮೊಬೈಲಿನಲ್ಲಿ ಹಾಕಿಕೊಂಡದ್ದು ಈ ಸಂಕಲನದ ಕೊನೆಯ ಹಾಡು, 'ಮದರ್ಸ್ ಆಫ್ ದಿ ಡಿಸಪಿಯರ್ಡ್'. ಅರ್ಜೆಂಟೀನದಲ್ಲಿ, ಎಲ್ ಸಾಲ್ವಡಾರಿನಲ್ಲಿ ಸೈನ್ಯದವರು ಎತ್ತಿಕೊಂಡು ಹೋಗಿ ಮತ್ತೆ ಸಿಗದ ಮಕ್ಕಳ ತಾಯಂದಿರ ಹಾಡು. ಇಥಿಯೋಪಿಯದ ಮಕ್ಕಳಿಗಾಗಿ ಕಟ್ಟಿದ್ದ ಆ ಪುಟ್ಟ ರಾಗವೇ ಇದಕ್ಕೆ ಬಂದಿದೆ. ಶುರುವಿನಲ್ಲಿ ಮಳೆ ಬೀಳುವ ಸದ್ದು, ಅದರೊಳಗಿಂದ ಡ್ರಮ್ಮು. ಆ ಡ್ರಮ್ಮನ್ನು ಈನೋ ಯಂತ್ರಗಳಲ್ಲಿ ಹಾಯಿಸಿ ಎಷ್ಟು ದೂರ ತಳ್ಳಿದ್ದಾರೆ ಎಂದರೆ ಪಕ್ಕದ ಊರಿನಲ್ಲಿ ಯಾರೋ ಬಾಗಿಲು ಬಡಿಯುತ್ತಿರುವ ಹಾಗೆ ಕೇಳುತ್ತದೆ. ಬೋನೋ ಮಾತು ಕಡಿಮೆ ಮಾಡಿ, ಕೊನೆಗೆ ಮಾತೇ ಇಲ್ಲದೆ ಸ್ವರ ಎಳೆಯುತ್ತಾನೆ. 1998ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಈ ಹಾಡಿಗೆ ಆ ತಾಯಂದಿರನ್ನೇ ವೇದಿಕೆಗೆ ಕರೆದು ತಂದರು. ಬಿಳಿಯ ತಲೆವಸ್ತ್ರ ಕಟ್ಟಿಕೊಂಡು ಅವರು ನಿಂತದ್ದನ್ನು ವಿಡಿಯೋದಲ್ಲಿ ನೋಡಿದಾಗ ನನಗೆ ಕಂಡದ್ದು ಒಪ್ಪುಮರ, ಅದರ ಹಿಂದೆ ಬೇಳದ ಶೋಕಮಾತೆ.

ಅದೇ 2019ರ ಡಿಸೆಂಬರ್ 15ಕ್ಕೆ ಯೂಟೂ ಭಾರತಕ್ಕೆ ಮೊದಲ ಸಲ ಹಾಡಲು ಬಂತು, ನವಿ ಮುಂಬಯಿ ನೆರುಳ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ. ಹೆಂಡತಿ, 'ಹೋಗಿ ಬನ್ನಿ, ಇಲ್ಲದಿದ್ದರೆ ಇನ್ನು ಹತ್ತು ವರ್ಷ ನಾನು ಕೇಳಬೇಕಾಗುತ್ತದೆ' ಎಂದಳು. ಕಾಸರಗೋಡಿನಲ್ಲಿ ನೇತ್ರಾವತಿ ಹತ್ತಿ ಪನ್ವೇಲಿನಲ್ಲಿ ಇಳಿದು, ಅಲ್ಲಿಂದ ಲೋಕಲ್. ಒಂದು ತಿಂಗಳ ದುಡಿಮೆ ಟಿಕೆಟ್ಟಿಗೇ ಹೋಯಿತು. ಒಳಗೆ ಹೋದವನು ಎಲ್ಲರ ಹಾಗೆ ವೇದಿಕೆ ನೋಡದೆ ಮೊದಲು ಸ್ಪೀಕರುಗಳನ್ನು ನೋಡಿದೆ, ಆಮೇಲೆ 200 ಅಡಿ ಉದ್ದ 45 ಅಡಿ ಎತ್ತರದ ಆ ಪರದೆಯನ್ನು. ಜನರ ನಡುವಿಗೆ ಚಾಚಿದ ಸಣ್ಣ ವೇದಿಕೆ ಮರದ ನೆರಳಿನ ಆಕಾರದ್ದು. ನಾಲ್ವರು ಮೊದಲು ನಿಂತು ಹಾಡಿದ್ದು ಆ ನೆರಳಿನ ಮೇಲೆ. ಹಿಂದೆ ಪರದೆ ಕೆಂಪಾಗಿ, ಮೊದಲ ಹಾಡಿನ ಆ ಗಿಟಾರು ಹೊರಟಾಗ ನಾನು ಅತ್ತೆ. ಪಕ್ಕದಲ್ಲಿದ್ದ ಯಾರದೋ ಕೈ ನನ್ನ ಹೆಗಲ ಮೇಲಿತ್ತು, ಅವರೂ ಅಳುತ್ತಿದ್ದರು.

ಇಡೀ ಸಂಕಲನವನ್ನು ಕ್ರಮವಾಗಿ ಹಾಡಿದರು. ಕೊನೆಯ ಹಾಡಿಗೆ ಪರದೆಯ ತುಂಬ ಮೇಣದಬತ್ತಿ ಹಿಡಿದು ಸಾಲಾಗಿ ನಿಂತ ಹೆಂಗಸರು. ಆಮೇಲೆ 'ಅಲ್ಟ್ರಾವಯಲೆಟ್' ಎಂಬ ಹಾಡಿಗೆ ಲೋಕದ ಹೋರಾಟಗಾರ್ತಿಯರ ಮುಖಗಳು ಬರುತ್ತ ಹೋದವು, ಅವುಗಳ ನಡುವೆ ಗೌರಿ ಲಂಕೇಶ್. ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದ ಕನ್ನಡದ ಪತ್ರಕರ್ತೆಯ ಮುಖ, ನಾಲ್ಕು ಆಳೆತ್ತರ. ನಾನು ಜೋರಾಗಿ 'ನಮ್ಮವರು' ಎಂದು ಕನ್ನಡದಲ್ಲಿ ಕೂಗಿಬಿಟ್ಟೆ. ಯಾರಿಗೆ ಅರ್ಥವಾಯಿತೋ. ಎ.ಆರ್. ರೆಹಮಾನ್ ತಮ್ಮ ಹೆಣ್ಣುಮಕ್ಕಳ ಜೊತೆ ಬಂದು 'ಅಹಿಂಸಾ' ಹಾಡಿದರು, ತಿರುಕ್ಕುರಳಿನ ತಮಿಳು ಸಾಲುಗಳಿದ್ದ ಹಾಡು. ಸತ್ಯ ಹೇಳಬೇಕೆಂದರೆ ಆ ಹಾಡು ನನ್ನ ಮನಸ್ಸಿಗೆ ಹಿಡಿಯಲಿಲ್ಲ, ಉದ್ದೇಶ ದೊಡ್ಡದು, ರಾಗ ತೆಳು. 'ಒನ್' ಹಾಡಿ ಮುಗಿಸಿದರು.

ಇವರ ಮೇಲೆ ನನಗೆ ಬೇಸರವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2006ರಲ್ಲಿ ಐರ್ಲೆಂಡ್ ಕಲಾವಿದರ ತೆರಿಗೆ ವಿನಾಯಿತಿಗೆ ಮಿತಿ ಹಾಕಿದ ಮೇಲೆ ಯೂಟೂ ತನ್ನ ಹಾಡುಗಳ ಪ್ರಕಾಶನದ ವ್ಯವಹಾರವನ್ನು ನೆದರ್ಲೆಂಡ್ಸಿಗೆ ಸಾಗಿಸಿತು. ಬಡದೇಶಗಳ ಸಾಲ ಮನ್ನಾ ಮಾಡಿ ಎಂದು ಸರಕಾರಗಳ ಬಾಗಿಲು ತಟ್ಟಿದವರು ತಮ್ಮ ಮನೆಯ ತೆರಿಗೆಯ ವಿಷಯದಲ್ಲಿ ಹೀಗೆ ಮಾಡಬಾರದಿತ್ತು. ಕಾನೂನಿಗೆ ಸರಿಯಿತ್ತು ಎನ್ನುವ ವಾದ ನನಗೆ ಸಾಲದು. 2014ರಲ್ಲಿ ಕೇಳದವರ ಫೋನುಗಳಿಗೂ ಒಂದು ಸಂಕಲನವನ್ನು ಕಳುಹಿಸಿದ್ದು ಇನ್ನೊಂದು. ಕಿವಿ ಎನ್ನುವುದು ಮನೆಯ ಹಾಗೆ, ಕರೆಯದೆ ಒಳಗೆ ಬರಬಾರದು. ಬೋನೋ ಅದಕ್ಕೆ ಕ್ಷಮೆ ಕೇಳಿದ್ದೂ ಉಂಟು.

ಆದರೂ ಇವರನ್ನು ನಾನು ಬಿಟ್ಟುಕೊಡುವುದಿಲ್ಲ. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲ್ಲೆನ್‌ನಲ್ಲಿ, ಯುದ್ಧದಲ್ಲಿ ಸತ್ತವರ ನೆನಪಿಗೆ ಸೇರಿದ್ದ ಜನರ ಹತ್ತಿರ ಬಾಂಬು ಸಿಡಿದು 11 ಮಂದಿ ಸತ್ತ ದಿನವೇ ಯೂಟೂ ಅಮೆರಿಕದ ಡೆನ್ವರಿನಲ್ಲಿ ಹಾಡುತ್ತಿತ್ತು. 'ಸಂಡೇ ಬ್ಲಡಿ ಸಂಡೇ'ಯ ನಡುವೆ ಬೋನೋ ನಿಂತು, ತನ್ನದೇ ನಾಡಿನ ಹೆಸರಿನಲ್ಲಿ ನಡೆಯುವ ಕೊಲೆಗಳನ್ನು, ಅದನ್ನು ದೂರದಲ್ಲಿ ಕೂತು ಮೆಚ್ಚುವವರನ್ನು ಉಗಿದುಬಿಟ್ಟ. ಸ್ವಂತ ಪಾಳಯಕ್ಕೆ ಬೈಯುವುದು ಎಷ್ಟು ಕಷ್ಟ ಎಂದು ಗಡಿನಾಡಿನಲ್ಲಿ ಇರುವ ನಮಗೆ ಗೊತ್ತು. 1998ರ ಮೇಯಲ್ಲಿ, ಶಾಂತಿ ಒಪ್ಪಂದದ ಮತದಾನಕ್ಕೆ ಕೆಲವೇ ದಿನ ಮೊದಲು, ಬೆಲ್‌ಫಾಸ್ಟಿನ ವೇದಿಕೆಯಲ್ಲಿ ಎರಡೂ ಪಾಳಯದ ನಾಯಕರಾದ ಜಾನ್ ಹ್ಯೂಮ್, ಡೇವಿಡ್ ಟ್ರಿಂಬಲ್ ಇಬ್ಬರ ಕೈ ಹಿಡಿದೆತ್ತಿ ನಿಂತದ್ದೂ ಇದೇ ಮನುಷ್ಯ.

ಇನ್ನು ತಟ್ಟೆಯ ವಿಷಯ. ರಟ್ಟು ದಪ್ಪ, ಫೋಟೊಗಳು ದೊಡ್ಡದಾಗಿ ಬಂದಿವೆ, ಆ ಮರುಭೂಮಿಯ ಒಣಗಾಳಿ ಮುಖಕ್ಕೆ ತಾಗುತ್ತದೆ. ಹನ್ನೊಂದು ಹಾಡು ಎರಡು ತಟ್ಟೆಗೆ ಹರಡಿರುವುದರಿಂದ ಗೀರುಗಳಿಗೆ ಜಾಗ ಜಾಸ್ತಿ, ಅದಕ್ಕೆ ತಕ್ಕ ಹಾಗೆ ಆಡಮ್‌ನ ಬೇಸ್ ನಿಜವಾದ ಬೇಸ್ ಆಗಿ ಕೇಳುತ್ತದೆ. 'ವಿತ್ ಆರ್ ವಿತೌಟ್ ಯೂ' ಶುರುವಿನ ಆ ನಾಲ್ಕು ಸ್ವರ ಕ್ಯಾಸೆಟ್ಟಿನಲ್ಲಿ ಕೇಳುತ್ತಿತ್ತು, ಇಲ್ಲಿ ಎದೆಗೆ ಬರುತ್ತದೆ. ಅದರ ಮೇಲೆ ಎಳೆದಷ್ಟೂ ಮುಗಿಯದ ಗಿಟಾರಿನ ಒಂದು ಎಳೆ ಇದೆ, ಮೊಬೈಲಿನಲ್ಲಿ ಅದು ಇದೆಯೆಂದೇ ಗೊತ್ತಾಗುವುದಿಲ್ಲ. 'ಎಕ್ಸಿಟ್' ಪಿಸುಮಾತಿನಿಂದ ಹೊರಟು ಸಿಡಿಯುವ ಹಾಡು, ವಾಲ್ಯೂಮ್ ಮೊದಲೇ ಏರಿಸಿಟ್ಟರೆ ಸ್ಪೀಕರ್ ಯೂನಿಟ್ ಸುಟ್ಟೀತು, ಜಾಗ್ರತೆ. ನನ್ನ ಪ್ರತಿಯಲ್ಲಿ 'ರನ್ನಿಂಗ್ ಟು ಸ್ಟ್ಯಾಂಡ್ ಸ್ಟಿಲ್' ಶುರುವಿಗೆ ನಾಲ್ಕೈದು ಕಡೆ ಟಿಕ್ ಟಿಕ್ ಇದೆ. ತುಂಬ ಮೆಲುವಾದ ಹಾಡಾದ್ದರಿಂದ ಕಾಣಿಸುತ್ತದೆ. ಡಬ್ಲಿನ್ನಿನ ಬಾಲಿಮನ್ ಎಂಬಲ್ಲಿನ ಏಳು ಗೋಪುರಗಳ ವಸತಿಯಲ್ಲಿ ಹೆರಾಯಿನ್‌ಗೆ ಬಿದ್ದವರ ಕತೆ ಅದು. ತೊಳೆದರೂ ಹೋಗಲಿಲ್ಲ ಆ ಟಿಕ್. 'ಟ್ರಿಪ್ ಥ್ರೂ ಯುವರ್ ವಯರ್ಸ್' ನನಗೆ ಅಂದೂ ಇಂದೂ ಸಾಧಾರಣ ಹಾಡು.

ನಡುವೆ ಮೂರು ಸಲ ಎದ್ದು ಬದಿ ತಿರುಗಿಸಬೇಕು ಎಂದು ಕೆಲವರು ಗೊಣಗುತ್ತಾರೆ. ನನಗೆ ಆ ಎದ್ದೇಳುವುದು ಒಳ್ಳೆಯದೇ ಆಯಿತು. ಬದಿ ತಿರುಗಿಸುವ ಅರ್ಧ ನಿಮಿಷ ಸದ್ದಿಲ್ಲ, ಹೊರಗೆ ಮಳೆಯ ಸದ್ದು ಮಾತ್ರ. ಅಂಗಡಿಯಲ್ಲಿ ಹೀಗೆ ಹಾಕಿಕೊಂಡಿದ್ದ ಒಂದು ಮಧ್ಯಾಹ್ನ ಪೆರ್ಲ ಕಡೆಯ ಒಬ್ಬ ಹೆಂಗಸು ಟಿ.ವಿ. ರಿಮೋಟ್ ರಿಪೇರಿಗೆ ಬಂದರು. ಕೊನೆಯ ಬದಿ ನಡೆಯುತ್ತಿತ್ತು. 'ಇದು ಯಾವ ಪ್ರಾರ್ಥನೆ?' ಎಂದು ತುಳುವಿನಲ್ಲಿ ಕೇಳಿದರು. ಮಕ್ಕಳು ಕಾಣೆಯಾದ ತಾಯಂದಿರದ್ದು ಎಂದೆ. ಅವರ ಮನೆಯಲ್ಲೂ ಮಲಗಿದಲ್ಲೇ ಇರುವ ಮಗನಿದ್ದಾನೆ, ಟಿ.ವಿ. ಅವನಿಗಾಗಿ. ರಿಮೋಟ್ ಸರಿಯಾದ ಮೇಲೂ ಸ್ಟೂಲಿನ ಮೇಲೆ ಕೂತೇ ಇದ್ದರು. ಹಾಡು ಮುಗಿದು ಸೂಜಿ ಒಳಗಿನ ಗೀರಿನಲ್ಲಿ ಟಕ್, ಟಕ್ ಎಂದು ಸುತ್ತುತ್ತಿತ್ತು. ನಾನು ಎತ್ತಲಿಲ್ಲ. ಪೆರ್ಲದ ಬಸ್ಸು ಹಾರ್ನ್ ಹಾಕಿದಾಗ ಎದ್ದು, ಎಷ್ಟಾಯಿತು ಎಂದು ಕೇಳಿದರು.

ಕೊಳ್ಳುವವರಿಗೆ ಎರಡು ಮಾತು. ಮಳೆಗಾಲದಲ್ಲಿ ತರಿಸಬೇಡಿ, ತರಿಸಿದರೂ ಡಬ್ಬ ತೆರೆಯುವುದರಿಂದ ಹಿಡಿದು ವಿಡಿಯೋ ಮಾಡಿಟ್ಟುಕೊಳ್ಳಿ. ಅಜ್ಜನ ಕಾಲದ ಪ್ಲೇಯರ್ ಇದ್ದರೆ ಅದರ ಹಳೆಯ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ತಲೆ) ಬದಲಾಯಿಸದೆ ಈ ತಟ್ಟೆ ಇಡಬೇಡಿ, ಅದರ ಭಾರಕ್ಕೆ ಗೀರುಗಳೇ ಉತ್ತುಹೋಗುತ್ತವೆ. ಮ್ಯಾಗ್ನೆಟಿಕ್ ಹಾಕಿಸಿ ಎರಡು ಗ್ರಾಮಿನ ಆಸುಪಾಸಿಗೆ ತೂಕ ಇಡಿ. ಪ್ಲೇಯರ್ ಇಲ್ಲದವರು, ಬೇಳದ ಕಡೆ ಬಂದರೆ, ಆದಿತ್ಯವಾರದ ಪೂಜೆ ಮುಗಿದ ಮೇಲೆ ಅಂಗಡಿ ತೆರೆದಿರುತ್ತದೆ. ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ, ನಾಲ್ಕೂ ಬದಿ ಕೇಳದೆ ಕಳುಹಿಸುವುದಿಲ್ಲ.